ಕೇಕಿನ ಮೇಲೆ ಹೆಸರು ಬರೆಯುವವಳ ಹೆಸರು

ಊರಿನವರಿಗೆಲ್ಲ ಹೆಸರು ಬರೆದುಕೊಡುವವಳಿಗೆ ತನಗೆಂದು ಒಂದು ಹೆಸರು ಸಿಗಲಿಲ್ಲ ಎಂದರೆ ನಿಮಗೆ ನಗು ಬರಬಹುದು. ನಗಿ, ಪರವಾಗಿಲ್ಲ. ಆ ಮನೆಯಲ್ಲೂ ಎಲ್ಲರೂ ನಕ್ಕರು. ಅಕ್ಕನಂತೂ ಬಸುರಿ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಕ್ಕು, "ಸಾಕು ಕಣೇ, ಇಲ್ಲೇ ಹೆರಿಗೆ ಆಗಿಬಿಡುತ್ತೆ" ಎಂದು ಮೈದಾ ಮೂಟೆಯ ಮೇಲೆ ಕೂತುಬಿಟ್ಟಳು.

ಅವರದು ಬೇಕರಿ. ಮುಂದೆ ಗಾಜಿನ ಕಪಾಟು, ಕಪಾಟಿನ ಹಿಂದೆ ಅಪ್ಪ. ಅಪ್ಪನ ಬೆನ್ನಿಗೆ ಒಂದು ಗೋಡೆ, ಗೋಡೆಯಲ್ಲೊಂದು ಕಿಂಡಿ, ಕೇಕಿನ ಡಬ್ಬವೊಂದು ನುಸುಳುವಷ್ಟು ಅಗಲದ್ದು. ಕಿಂಡಿಯ ಆಚೆ ತಣ್ಣನೆಯ ಪುಟ್ಟ ಕೋಣೆ, ಅಲ್ಲಿ ಕ್ರೀಮು, ಬಣ್ಣ, ತಿರುಗುವ ಮಣೆ, ಮತ್ತು ಮನೆಯ ಕಿರಿ ಮಗಳು. ಅದರ ಹಿಂದೆ ಓವನ್ ಇರುವ ದೊಡ್ಡ ಕೋಣೆ. ಅಲ್ಲಿ ಅಮ್ಮನದೇ ದರ್ಬಾರು. ಅಪ್ಪ ಅಲ್ಲಿಗೆ ಹೋಗಬೇಕಾದರೂ ಕೆಮ್ಮಿಯೇ ಹೋಗಬೇಕು.

ಕೆಲಸ ನಡೆಯುತ್ತಿದ್ದದ್ದು ಹೀಗೆ. ಗಿರಾಕಿ ಹೆಸರು ಹೇಳುತ್ತಾನೆ, ಅಪ್ಪ ಅದನ್ನು ಕಿಂಡಿಯಲ್ಲಿ ಕೂಗುತ್ತಾನೆ, ಒಳಗೆ ಅವಳು ಬರೆಯುತ್ತಾಳೆ. ಚೀಟಿ ಗೀಟಿ ಏನಿಲ್ಲ. ಕ್ರೀಮು ಮೆತ್ತಿದ ಕೈಯಲ್ಲಿ ಚೀಟಿ ಹಿಡಿಯುವವರು ಯಾರು? ಕಿಂಡಿಯಿಂದ ಹೆಸರು ಬಿದ್ದರೆ ಸಾಕು, ತಲೆಗೆ ತಿಳಿಯುವ ಮೊದಲೇ ಅವಳ ಕೈ ಓಡುತ್ತಿತ್ತು. ಅಪ್ಪನೂ ಅಷ್ಟೇ. ಇಷ್ಟು ವರ್ಷದಲ್ಲಿ ಒಬ್ಬರ ಹೆಸರನ್ನೂ ತಪ್ಪಾಗಿ ಕೂಗಿದವನಲ್ಲ. "ಬನ್ನು ಸೀದರೆ ಜನ ಕ್ಷಮಿಸ್ತಾರೆ, ಹೆಸರು ತಪ್ಪಿದರೆ ಕ್ಷಮಿಸಲ್ಲ" ಎನ್ನುವುದು ಅವನ ಜಂಬ.

ಈಗ ಈ ಕಿರಿಯವಳ ವಿಷಯ. ಅವಳು ಹುಟ್ಟಿದಾಗ ಡಾಕ್ಟರು ಗಂಡು ಎಂದರು. ಡಾಕ್ಟರು ಹೇಳಿದ ಮೇಲೆ ಮುಗಿಯಿತಲ್ಲ, ಮನೆಯವರೂ ನಂಬಿದರು, ಗಂಡು ಹೆಸರೊಂದನ್ನು ಇಟ್ಟರು. ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ನಡೆದ ಹಾಗೆ ಅವಳು ಆ ಹೆಸರಿನಲ್ಲಿ ಬಹಳ ವರ್ಷ ಓಡಾಡಿದಳು. ಕಡೆಗೆ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ನೊಣ ಕೂಡ ಇಲ್ಲದ ಹೊತ್ತಿನಲ್ಲಿ, ಮೂವರನ್ನೂ ಓವನ್ ಮುಂದೆ ನಿಲ್ಲಿಸಿಕೊಂಡು, "ನಾನು ನಿಮ್ಮ ಮಗ ಅಲ್ಲ, ಮಗಳು. ಯಾವಾಗಲೂ ಮಗಳೇ ಆಗಿದ್ದೆ" ಎಂದಳು.

ಅಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ, "ಇಷ್ಟು ದಿನ ಒಬ್ಬಳೇ ಹೊಟ್ಟೇಲಿಟ್ಕೊಂಡು ಒದ್ದಾಡಿದ್ಯಲ್ಲೇ" ಎಂದು ಇನ್ನೊಮ್ಮೆ ಅತ್ತಳು. ಅಕ್ಕ, "ಅಂತೂ ನನ್ನ ಕಿವಿಯೋಲೆ ಯಾರು ಕದೀತಿದ್ರು ಅನ್ನೋದು ಇವತ್ತು ಇತ್ಯರ್ಥ ಆಯ್ತು" ಎಂದಳು. ಅಪ್ಪ ಮಾತ್ರ ಓವನ್ನಿನ ಬಾಗಿಲನ್ನೇ ನೋಡುತ್ತ, "ಊಟ ಮಾಡಿದ್ಯಾ?" ಎಂದು ಕೇಳಿದ. ಅವಳು ಹೂಂ ಎಂದಳು. "ಸರಿ" ಎಂದು ಮುಂದಕ್ಕೆ ಹೋದ. ಬೈಗುಳ ಇಲ್ಲ, ಜಗಳ ಇಲ್ಲ, ಮುಖ ಊದಿಸಿಕೊಳ್ಳುವುದೂ ಇಲ್ಲ.

ಆದರೆ ಅವತ್ತಿನಿಂದ ಅಪ್ಪ ಅವಳನ್ನು ಕರೆಯುವುದನ್ನೇ ಬಿಟ್ಟ. ದಿನಕ್ಕೆ ನೂರು ಸಲ ಕಿಂಡಿಯಲ್ಲಿ ಹೆಸರು ಹಿಡಿದು ಕೂಗುತ್ತಿದ್ದವನು ಈಗ ಬನ್ನು ಎತ್ತುವ ಇಕ್ಕಳದಿಂದ ಕಿಂಡಿಯ ಚೌಕಟ್ಟಿಗೆ ಟಕ್ ಟಕ್ ಎಂದು ಬಡಿಯುತ್ತಿದ್ದ. ಅವಳು ಇಣುಕಿದರೆ ಮುಂದಿನ ಮಾತು. ಹಳೆಯ ಹೆಸರು ಕೂಗಲಿಲ್ಲ, ಅದಕ್ಕೆ ಅವಳಿಗೆ ಸಮಾಧಾನವೇ. ಹೊಸದು ಇನ್ನೂ ಇಲ್ಲ. ಅಲ್ಲಿಯವರೆಗೆ ಇಕ್ಕಳವೇ ಸೈ ಎಂದು ಅವಳು ತಿಳಿದಳು.

ಹಾಗಾಗಿ ಹೆಸರು ಹುಡುಕುವ ಕೆಲಸ ಶುರುವಾಯಿತು. ಅಬ್ಬಬ್ಬಾ, ಅದೊಂದು ಕಥೆ.

ಬೇರೆಯವರಿಗಾದರೆ ಹೆಸರು ಎಂದರೆ ಬರೀ ಹೆಸರು. ಇವಳಿಗೆ ಒಂದೊಂದು ಹೆಸರೂ ಒಂದೊಂದು ಕೇಕು. ಅಮ್ಮ ಒಂದು ಹೂವಿನ ಹೆಸರು ಹೇಳಿದಳು. "ಅಯ್ಯೋ ಬೇಡಮ್ಮ, ಆ ಹುಡುಗಿ ಪ್ರತಿ ವರ್ಷ ಮೇಣದ ಬತ್ತಿ ಊದೋವಾಗ ಕೇಕಿನ ಮೇಲೆಲ್ಲ ಉಗೀತಾಳೆ." ಭಾವ ಡ್ರೈವಿಂಗ್ ಕಲಿಸುವವನು. ಅಕ್ಕನನ್ನು ಬಿಡಲು ಬಂದಾಗ ಕಾರಿನ ಕಿಟಕಿಯಿಂದಲೇ ಒಂದು ನಕ್ಷತ್ರದ ಹೆಸರು ಎಸೆದ. "ಅದಾ? ಅರ್ಧ ತಿಂದು ಸಿಹಿ ಸಾಲದು ಅಂತ ವಾಪಸ್ ತಂದ್ರಲ್ಲ, ಆ ದಂತವೈದ್ಯೆ! ಜಪ್ಪಯ್ಯ ಅಂದ್ರೂ ಬೇಡ." ನದಿಯ ಹೆಸರು ಬಂತು. "ಮದುವೆ ಕೇಕು. ಹುಡುಗ ಓಡಿಹೋದ. ಆ ಕೇಕನ್ನ ನಾವೇ ವಾರ ಪೂರ್ತಿ ತಿಂದ್ವಿ, ಮರೆತ್ಯಾ?"

"ನೋಡಮ್ಮಾ," ಎಂದಳು ಅಕ್ಕ ಮೂಟೆಯ ಮೇಲಿಂದ. "ಹೆಣ್ಣು ನೋಡೋಕೆ ಬಂದ ಗಂಡಿನ ಕಡೆಯವರೂ ಇಷ್ಟು ಕೊಂಕು ತೆಗೆಯಲ್ಲ."

"ನಿನಗೇನು, ನಿನ್ನ ಹೆಸರು ಪುಕ್ಕಟೆ ಬಂತು."

"ನನ್ನ ಹೆಸರಲ್ಲೂ ಕೇಕು ಬರ್ದಿದ್ಯಲ್ಲ, ನಾನೇನು ಉಗಿದ್ನಾ?"

"ನೀನು ಉಗೀಲಿಲ್ಲ. ಯಾರಿಗೂ ಒಂದು ತುಂಡೂ ಉಳಿಸಲಿಲ್ಲ."

ಅಮ್ಮನಿಗೆ ಏನೋ ಹೊಳೆಯಿತು. ಹಿಟ್ಟಿನ ಕೈಯನ್ನು ಹಾಗೇ ಎತ್ತಿಕೊಂಡು ಬಂದು, "ಹೆಣ್ಣು ಹುಟ್ಟಿದ್ರೆ ಇಡೋಣ ಅಂತ ನಾನೊಂದು ಚೆಂದದ ಹೆಸರು ಇಟ್ಕೊಂಡಿದ್ದೆ ಕಣೇ" ಎಂದಳು. ಕಿರಿಯವಳು ಹೆಸರು ಬರೆಯುವ ಕ್ರೀಮಿನ ಕೋನು ಕೆಳಗಿಟ್ಟಳು. "ಯಾವುದಮ್ಮಾ?"

ಅಮ್ಮ ನಾಲಿಗೆ ಕಚ್ಚಿಕೊಂಡಳು. "ಇವಳಿಗೆ ಇಟ್ಟುಬಿಟ್ಟೆ" ಎಂದು ಅಕ್ಕನ ಕಡೆ ಕೈ ತೋರಿಸಿದಳು. "ಇದ್ದದ್ದು ಅದೊಂದೇ."

ಅಕ್ಕನಿಗೆ ಇನ್ನೊಂದು ಚಿಂತೆ. ಹುಟ್ಟುವ ಮಗುವಿಗೆಂದು ಅವಳು ಬಸುರಿನ ಮೊದಲ ದಿನದಿಂದಲೇ ಹೆಸರುಗಳನ್ನು ಗುಡ್ಡೆ ಹಾಕಿಕೊಂಡಿದ್ದಳು. ತಂಗಿ ಯಾವ ಹೆಸರಿನ ಹತ್ತಿರ ಸುಳಿದರೂ, "ಅದು ನಂದು! ಮುಟ್ಟಬೇಡ!" ಎಂದು ಕಿರುಚುತ್ತಿದ್ದಳು. "ಚೆನ್ನಾಗಿರೋದೆಲ್ಲ ನೀನೇ ಬಾಚ್ಕೊಂಡ್ರೆ ನನ್ನ ಮಗುಗೆ ಏನಿಡ್ಲಿ, ಬನ್ನು ಅಂತಾನಾ?"

ಹಾಗೆಂದು ಅವಳು ಸಹಾಯ ಮಾಡಲಿಲ್ಲ ಎಂದಲ್ಲ. ಪರೀಕ್ಷೆ ನಡೆಸುತ್ತಿದ್ದವಳು ಅವಳೇ. ಯಾವ ಹೆಸರು ಬಂದರೂ ಬೀದಿಗೆ ಹೋಗಿ ಅಲ್ಲಿಂದ ಕೂಗಿ ನೋಡುತ್ತಿದ್ದಳು, ಬಾಯಿ ತುಂಬ ಬಿಸ್ಕತ್ತು ತುಂಬಿಕೊಂಡು ಹೇಳಿ ನೋಡುತ್ತಿದ್ದಳು, ಎಲ್ಲಕ್ಕಿಂತ ಮುಖ್ಯವಾಗಿ ಬೈದು ನೋಡುತ್ತಿದ್ದಳು. "ಬೈಯೋಕೆ ಬರದಿರೋ ಹೆಸರು ಮನೇಲಿ ನಡೆಯಲ್ಲ ಕಣೇ. ಮುದ್ದು ಮಾಡೋದು ವರ್ಷಕ್ಕೊಂದು ಸಲ, ಬೈಯೋದು ದಿನಾ." ಬೀದಿಯಲ್ಲಿ ನಿಂತು ಅವಳು ಇಲ್ಲದ ಯಾರನ್ನೋ ಬಾಯಿಗೆ ಬಂದಂತೆ ಬೈಯುವುದನ್ನು ಕೇಳಿ ಎದುರು ಮನೆಯ ಮುದುಕರು ಎರಡು ಸಲ ಬಾಗಿಲು ಹಾಕಿಕೊಂಡರು.

ಅಪ್ಪ ಇದರಲ್ಲಿ ಸೇರಲಿಲ್ಲ. "ಅಪ್ಪಾ, ನೀನೊಂದು ಹೇಳು" ಎಂದು ಕಿರಿಯವಳು ಕಿಂಡಿಯಿಂದ ಕೇಳಿದಾಗ, "ನಿನ್ನ ಹೆಸರು ನೀನೇ ಇಟ್ಕೊಬೇಕು. ಹಿಂದಿನ ಸಲ ನಾವು ಇಟ್ಟು ಏನಾಯ್ತು ನೋಡಿದ್ಯಲ್ಲ" ಎಂದ. ಅದು ತಮಾಷೆಯೋ ಬೇಸರವೋ ಅವಳಿಗೆ ಗೊತ್ತಾಗಲಿಲ್ಲ. ಅಪ್ಪನ ಬೆನ್ನು ಮಾತ್ರ ಕಾಣುತ್ತಿತ್ತು.

ಒಂದು ಸಂಜೆ ಅವಳು ಸೋತು ಅಕ್ಕನ ಪಕ್ಕದಲ್ಲೇ ಮೂಟೆಯ ಮೇಲೆ ಕುಕ್ಕರಿಸಿದಳು. "ನನಗೇನು ಬೇಕು ಗೊತ್ತಾ? ನನ್ನ ಕೈಗೆ ಗೊತ್ತಿಲ್ಲದ ಹೆಸರು. ಯಾರ ಕೇಕಿನ ಮೇಲೂ ಬರೆದಿರಬಾರದು. ಅಪ್ಪ ಕೂಗಿದ್ರೆ ಅದು ನನ್ನನ್ನೇ ಕೂಗಿದ ಹಾಗಿರಬೇಕು, ಬೇರೆ ಯಾರನ್ನೂ ಅಲ್ಲ."

ಅಕ್ಕ ಒಮ್ಮೆ ಹೊಟ್ಟೆ ಸವರಿಕೊಂಡಳು. ಆಮೇಲೆ ತಂಗಿಯ ಕಿವಿಯ ಹತ್ತಿರ ಬಾಗಿ ಒಂದು ಹೆಸರು ಹೇಳಿದಳು.

ಕಿರಿಯವಳು ಅದನ್ನು ಬಾಯಲ್ಲೇ ಒಮ್ಮೆ ಹೊರಳಿಸಿದಳು. ಯಾವ ಕೇಕೂ ನೆನಪಾಗಲಿಲ್ಲ. ಉಗಿದ ಹುಡುಗಿ ಇಲ್ಲ, ದಂತವೈದ್ಯೆ ಇಲ್ಲ, ಓಡಿಹೋದ ಗಂಡಿಲ್ಲ. "ಇದು... ಚೆನ್ನಾಗಿದೆ ಕಣೇ ಅಕ್ಕಾ. ಎಲ್ಲಿತ್ತು ಇದು?"

"ಎಲ್ಲಿತ್ತು ಅಂದ್ರೆ? ನನ್ನ ಹತ್ತಿರ ಇತ್ತು. ಎಲ್ಲಕ್ಕಿಂತ ಒಳ್ಳೇದು, ಯಾರಿಗೂ ಹೇಳಿರಲಿಲ್ಲ. ನಿಮ್ಮ ಭಾವನಿಗೂ."

"ಮಗುಗೆ?"

"ತಗೋ ಸುಮ್ನೆ. ಮಗು ಹೆಣ್ಣೋ ಗಂಡೋ ಯಾರಿಗೆ ಗೊತ್ತು? ನಮ್ಮನೇಲಿ ಹುಟ್ಟಿದ ಮೇಲೂ ಗ್ಯಾರಂಟಿ ಇಲ್ಲ" ಎಂದಳು ಅಕ್ಕ. ಇಬ್ಬರೂ ನಕ್ಕರು. ನಗುತ್ತ ನಗುತ್ತ ಕಿರಿಯವಳು ಅಕ್ಕನ ಭುಜಕ್ಕೆ ಮುಖ ಒತ್ತಿ ಅತ್ತುಬಿಟ್ಟಳು. ಅಕ್ಕನ ಹೊಸ ಅಂಗಿಗೆಲ್ಲ ಗುಲಾಬಿ ಕ್ರೀಮು. ಅದಕ್ಕಾಗಿ ಅಕ್ಕ ಹೊಸ ಹೆಸರು ಹಿಡಿದೇ ಬೈದಳು, ಬೈಗುಳ ಬಲು ಚೆನ್ನಾಗಿ ಕೂತಿತು.

ಹೆಸರು ಮನೆಗೆ ಬಂತು. ಅಮ್ಮ ಮೊದಮೊದಲು ಹಳೆಯದನ್ನು ಅರ್ಧ ಹೇಳಿ, ತನ್ನ ಬಾಯಿಗೆ ತಾನೇ ಹಿಟ್ಟಿನ ಕೈಯಲ್ಲಿ ಏಟು ಕೊಟ್ಟುಕೊಂಡು ಹೊಸದನ್ನು ಪೂರ್ತಿ ಹೇಳುತ್ತಿದ್ದಳು. ಆ ದಿನಗಳಲ್ಲಿ ಅಮ್ಮನ ಗದ್ದದ ಮೇಲೆ ಸದಾ ಮೈದಾ. ಆಮೇಲೆ ರೂಢಿಯಾಯಿತು. ಭಾವ ಹೆಸರಿನ ಜೊತೆ ಹಾರ್ನ್ ಕೂಡ ಹೊಡೆದ. ಹಾಲು ಹಾಕುವವನು, "ಒಳ್ಳೇ ಹೆಸರು ಕಣಮ್ಮಾ" ಎಂದು ಡಬ್ಬ ಇಳಿಸಿ ಹೋದ. ಎಷ್ಟು ಸುಲಭ ನೋಡಿ.

ಅಪ್ಪ? ಟಕ್ ಟಕ್.

ಅವಳು ಒಂದು ವಾರ ಕಾದಳು. ಆಮೇಲೆ ಇನ್ನೊಂದಷ್ಟು ದಿನ ಕಾದಳು. ಕಿಂಡಿಯಿಂದ ಊರಿನವರ ಹೆಸರೆಲ್ಲ ಅಪ್ಪನ ದನಿಯಲ್ಲಿ ಬಂದು ಬೀಳುತ್ತಿತ್ತು, ಹುಟ್ಟುಹಬ್ಬದವರು, ಮದುವೆಯವರು, ಪಾಸಾದವರು, ಯಾರದೋ ಮನೆಯ ನಾಯಿ ಕೂಡ. ನಾಯಿಯ ಹೆಸರನ್ನು ಅಪ್ಪ ಎಷ್ಟು ಅಕ್ಕರೆಯಿಂದ ಕೂಗಿದನೆಂದರೆ ಅವಳಿಗೆ ಹೊಟ್ಟೆ ಉರಿಯಿತು. ನಾಯಿಯ ಮೇಲೆ ಹೊಟ್ಟೆಕಿಚ್ಚು! ಅದರ ಕೇಕಿಗೆ ಬೇಕೆಂದೇ ಒಂದು ಹೂವು ಕಮ್ಮಿ ಹಾಕಿದಳು.

ಒಂದು ದಿನ ಟೀ ಕುಡಿಯುವಾಗ ಕೇಳಿಯೇಬಿಟ್ಟಳು. "ಅಪ್ಪಾ, ನನ್ನ ಹೆಸರು ಚೆನ್ನಾಗಿಲ್ವಾ?"

"ಚೆನ್ನಾಗಿದೆ."

"ಮತ್ತೆ?"

"ಮತ್ತೇನು? ಚೆನ್ನಾಗಿದೆ ಅಂದ್ನಲ್ಲ." ಅಪ್ಪ ಕೈಯಲ್ಲಿದ್ದ ಬನ್ನನ್ನು ತಿರುಗಿಸಿ ಮುರುಗಿಸಿ ನೋಡಿದ, ಅದರ ತಳದಲ್ಲಿ ಉತ್ತರ ಇದೆಯೇನೋ ಎಂಬಂತೆ. ಆಮೇಲೆ ಗಿರಾಕಿ ಬಂದ ಎಂದು ಎದ್ದು ಹೋದ. ಗಿರಾಕಿ ಯಾರೂ ಬಂದಿರಲಿಲ್ಲ.

ಅವಳು ತಣ್ಣನೆಯ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಚೆನ್ನಾಗಿ ಅತ್ತಳು. ಬೇರೆ ಯಾರು ಕರೆದರೂ ಕರೆಯದಿದ್ದರೂ ನಡೆಯುತ್ತಿತ್ತು. ಅವಳನ್ನು ಹುಟ್ಟಿದಾಗಿನಿಂದ ಅತಿ ಹೆಚ್ಚು ಸಲ ಹೆಸರು ಹಿಡಿದು ಕೂಗಿದವನು ಅಪ್ಪ. ಅವನು ಕೂಗದಿದ್ದರೆ ಈ ಹೆಸರು ಅರ್ಧ ಬೆಂದ ಹಾಗೆಯೇ ಎಂದು ಅವಳಿಗೆ ಅನ್ನಿಸುತ್ತಿತ್ತು.

ಅಮ್ಮ ಬಿಡುವವಳಲ್ಲ. ಅಪ್ಪನನ್ನು ಓವನ್ನಿನ ಹತ್ತಿರ ಹಿಡಿದು ನಿಲ್ಲಿಸಿ ಕೇಳಿದಳು, ಕೇಳಿದ್ದನ್ನು ಮಗಳಿಗೆ ಬಂದು ವರದಿ ಒಪ್ಪಿಸಿದಳು. "ಹೆದರಿಕೆಯಂತೆ ಮಹಾರಾಯನಿಗೆ."

"ಹೆದರಿಕೆನಾ? ನನ್ನ ಹೆಸರಿಗೆ?"

"ನಿನ್ನ ಹೆಸರಿಗಲ್ಲ, ತನ್ನ ನಾಲಿಗೆಗೆ. ಕೆಲಸದ ಗಡಿಬಿಡೀಲಿ ಹಳೇದು ಬಾಯಿಗೆ ಬಂದುಬಿಟ್ರೆ? ಅಂಗಡಿ ತುಂಬ ಜನ, ಎಲ್ಲರ ಎದುರಿಗೆ ಮಗಳಿಗೆ ಅವಮಾನ ಮಾಡಿದ ಹಾಗಾಗುತ್ತಲ್ಲ ಅಂತ. ಅದಕ್ಕಿಂತ ಇಕ್ಕಳವೇ ವಾಸಿಯಂತೆ."

"ತಪ್ಪಿದ್ರೆ ತಿದ್ಕೊಂಡ್ರಾಯ್ತು! ನೀನು ತಿದ್ಕೊಳ್ಳಲಿಲ್ವಾ?"

"ನನಗೇನು, ನಾನು ತಪ್ಪೋದು ಇದ್ದದ್ದೇ. ಅವನು ಹೆಸರು ತಪ್ಪದ ದೊಡ್ಡ ಮನುಷ್ಯ" ಎಂದು ಅಮ್ಮ ಮೂಗು ಮುರಿದಳು. ಮಗಳಿಗೆ ನಗುವೂ ಬಂತು, ಸಿಟ್ಟೂ ಬಂತು. ಅಪ್ಪ ತನ್ನನ್ನು ಬೇಡ ಎನ್ನುತ್ತಿಲ್ಲ ಎಂದು ತಿಳಿದು ಎದೆ ಹಗುರಾಯಿತು. ಆದರೂ ಕಿಂಡಿಯಿಂದ ಬರುತ್ತಿದ್ದದ್ದು ಟಕ್ ಟಕ್ ಮಾತ್ರ. ಪ್ರೀತಿಯಿಂದಲೇ ಬಡಿದರೂ ಇಕ್ಕಳ ಇಕ್ಕಳವೇ.

ಅಂಥದ್ದರಲ್ಲಿ ಶಾಲೆಗಳು ಮುಗಿಯುವ ದಿನಗಳು ಬಂದವು. ಬೇಕರಿಗೆ ಅದು ಸುಗ್ಗಿ. ಆ ಬೆಳಿಗ್ಗೆ ಗಾಜಿನ ಕಪಾಟಿನ ಮುಂದೆ ಉಸಿರಾಡಲು ಜಾಗ ಇಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಪಕ್ಕದ ಬೀದಿಯ ಶಾಲೆಯ ಹೆಡ್ ಮೇಡಂ ಬಂದರು. ಅವರ ಶಾಲೆಯಲ್ಲಿ ಗಂಟೆ ಹೊಡೆಯುವವನು ಅವತ್ತು ನಿವೃತ್ತನಾಗುತ್ತಿದ್ದ. ಅವನಿಗೊಂದು ದೊಡ್ಡ ಕೇಕು. ಕಿರಿಯವಳು ಒಳಗೆ ಅದಕ್ಕೆ ಬಿಳಿ ಕ್ರೀಮು ಬಳಿದು, ಅಂಚಿಗೆ ಹೂವು ಕಟ್ಟಿ, ಕೋನಿನಲ್ಲಿ ಕೆಂಪು ತುಂಬಿ ಕೈ ಎತ್ತಿ ನಿಂತಿದ್ದಳು.

"ಹೆಸರು ಏನಂತೆ?" ಎಂದು ಒಳಗಿಂದ ಕೂಗಿದಳು.

"ಹೆಸರು ಹೇಳಿ ಮೇಡಂ" ಎಂದ ಅಪ್ಪ.

ಹೆಡ್ ಮೇಡಂ ಬಾಯಿ ತೆರೆದರು, ಮುಚ್ಚಿದರು. ಇಷ್ಟು ವರ್ಷ ಅವನನ್ನು ಗಂಟೆಯಣ್ಣ ಎಂದೇ ಕರೆದು ಅಭ್ಯಾಸ. ನಿಜವಾದ ಹೆಸರು ನಾಲಿಗೆಯ ತುದಿಯಲ್ಲಿದೆ, ಬರುತ್ತಿಲ್ಲ. "ಒಂದು ನಿಮಿಷ, ಒಂದು ನಿಮಿಷ" ಎಂದು ಹಣೆ ತಟ್ಟಿಕೊಂಡರು.

ಆ ಒಂದು ನಿಮಿಷದಲ್ಲಿ ಅಪ್ಪ ಕಿಂಡಿಯ ಕಡೆ ತಿರುಗಿದ. ಮಗಳ ಬೆನ್ನ ಹಿಂದಿನ ಎತ್ತರದ ಹಲಗೆಯ ಮೇಲೆ ಅಮ್ಮ ತೊಳೆದು ಪೇರಿಸಿದ್ದ ಕೇಕಿನ ಅಚ್ಚುಗಳು, ಅಲ್ಯೂಮಿನಿಯಂನವು, ತಲೆಗಿಂತ ಎತ್ತರದ ಗೋಪುರ. ಆ ಗೋಪುರ ಮೆಲ್ಲಗೆ, ಬಲು ಮೆಲ್ಲಗೆ, ಅವಳ ಕಡೆ ವಾಲುತ್ತಿತ್ತು.

ಇಕ್ಕಳ ಎಲ್ಲಿತ್ತೋ. ಅಪ್ಪ ಅದನ್ನು ಹುಡುಕಲಿಲ್ಲ. ಬಾಯಿ ತೆರೆದು ಹೆಸರು ಹಿಡಿದು ಕೂಗಿದ. ಎಂಥ ಕೂಗು! ಬೀದಿಯಾಚೆಯ ಎದುರು ಮನೆಯ ಮುದುಕರು ಬಾಗಿಲು ತೆರೆದು ನೋಡಿದರು.

ಕಿಂಡಿಯಿಂದ ಹೆಸರು ಬಿದ್ದರೆ ಅವಳು ಏನು ಮಾಡುತ್ತಾಳೆ? ಬರೆದಳು.

ಹಿಂದಿನಿಂದ ಅಚ್ಚುಗಳು ಧಡಧಡ ಸುರಿದವು. ಒಂದು ಅವಳ ಭುಜಕ್ಕೆ ಬಡಿಯಿತು, ಒಂದು ತಲೆಗೆ ಟಣ್ ಎಂದಿತು, ಉಳಿದವು ನೆಲದ ತುಂಬ ಗಿರಗಿರ ತಿರುಗಿದವು. ಅವಳು ಕೇಕಿಗೆ ಮಾತ್ರ ಒಂದು ಅಚ್ಚೂ ಬೀಳದಂತೆ ಮೈ ಅಡ್ಡ ಹಿಡಿದು, ಕೈ ನಡುಗಿಸದೆ, ಕೊನೆಯ ಅಕ್ಷರದ ಬಾಲವನ್ನು ಚೆಂದವಾಗಿ ಸುತ್ತಿ ಮುಗಿಸಿದಳು. ಅಮ್ಮ ಒಳಗಿಂದ "ಏನಾಯ್ತೇ, ಏನಾಯ್ತೇ" ಎಂದು ಓಡಿಬಂದಳು.

"ಕೂಗಿದ್ನಲ್ಲ! ಪಕ್ಕಕ್ಕೆ ಸರಿಯೋಕೆ ಏನಾಗಿತ್ತು?" ಅಪ್ಪನ ಮುಖ ಕಿಂಡಿ ತುಂಬಿತ್ತು, ಬೆಳ್ಳಗಾಗಿತ್ತು. "ಪೆಟ್ಟಾಯ್ತಾ?"

"ಇಲ್ಲಪ್ಪ. ಬರೀ ಡಬ್ಬ" ಎಂದು ತಲೆ ಸವರಿಕೊಳ್ಳುತ್ತ ಅವಳು ಕೇಕನ್ನು ಕಿಂಡಿಗೆ ಒತ್ತಿದಳು. ಒತ್ತುವಾಗಲೂ ಅವಳು ಅದನ್ನು ಓದಿರಲಿಲ್ಲ. ಕೈ ಬರೆದದ್ದನ್ನು ತಲೆ ಓದುವುದು ಯಾವಾಗಲೂ ತಡ.

ಮೊದಲು ಓದಿದವರು ಹೆಡ್ ಮೇಡಂ. ಕನ್ನಡಕ ಏರಿಸಿ ಬಾಗಿ ನೋಡಿ, "ಇದೇನ್ರೀ ಇದು? ನಮ್ಮ ಗಂಟೆಯಣ್ಣನ ಹೆಸರು ನನಗೆ ನೆನಪಾಗ್ತಿಲ್ಲ ನಿಜ. ಆದ್ರೆ ಇದು ಅಲ್ಲ ಅಂತ ಮಾತ್ರ ಚೆನ್ನಾಗಿ ಗೊತ್ತು. ಇದು ಹೆಂಗಸರ ಹೆಸರು!" ಎಂದರು.

ಅಂಗಡಿ ನಕ್ಕಿತು. ಅಪ್ಪ ಕೇಕು ನೋಡಿದ. ಬಿಳಿ ಕ್ರೀಮಿನ ಮೇಲೆ ಕೆಂಪಗೆ, ಅಂಚಿನಿಂದ ಅಂಚಿಗೆ, ತಾನು ಆಗಷ್ಟೇ ಕೂಗಿದ್ದು. ಅವನ ಬಾಯಿ ತೆರೆದೇ ಉಳಿಯಿತು. ತಾನು ಏನು ಕೂಗಿದೆ ಎಂದು ಅವನಿಗೂ ಈಗಲೇ ಗೊತ್ತಾದದ್ದು. ಗಡಿಬಿಡಿಯಲ್ಲಿ, ಭಯದಲ್ಲಿ, ಅಂಗಡಿ ತುಂಬ ಜನರ ಎದುರಿಗೆ ಅವನ ನಾಲಿಗೆ ಹಿಡಿದಿದ್ದದ್ದು ಹಳೆಯದನ್ನಲ್ಲ.

ಒಳಗೆ ಅವಳೂ ಆಗ ಓದಿದಳು. ಕೈಯಲ್ಲಿದ್ದ ಕೋನು ಹಿಂಡಿ ಹೋಗಿ ಕೆಂಪು ಕ್ರೀಮು ಮೊಣಕೈವರೆಗೆ ಇಳಿಯಿತು, ಅವಳಿಗೆ ತಿಳಿಯಲಿಲ್ಲ. ಅಮ್ಮ ಮಾತ್ರ ಸೆರಗಿಗೆ ಕೈ ಹಾಕಿದಳು.

"ಯಾರದು ಈ ಹೆಸರು?" ಎಂದು ಕೇಳಿದರು ಹೆಡ್ ಮೇಡಂ.

"ನನ್ನ ಮಗಳದು" ಎಂದ ಅಪ್ಪ. ಹಿಂದೆ ನಿಂತವರಿಗೂ ಕೇಳುವಷ್ಟು ಗಟ್ಟಿಯಾಗಿ ಎಂದ. "ನನ್ನ ಚಿಕ್ಕ ಮಗಳು. ಕೇಕಿನ ಮೇಲೆ ಬರೆಯೋದೆಲ್ಲ ಅವಳೇ. ಇದು ಮನೆಗೆ ಇರ್ಲಿ ಮೇಡಂ, ನಿಮಗೆ ಇನ್ನೊಂದು ಮಾಡಿಸಿಕೊಡ್ತೀನಿ. ಅಷ್ಟರಲ್ಲಿ ಪಾಪ ಆ ಮನುಷ್ಯನ ಹೆಸರು ನೆನಪು ಮಾಡ್ಕೊಳ್ಳಿ."

ಆಮೇಲೆ ಕಿಂಡಿಯ ಕಡೆ ತಿರುಗಿ ಮತ್ತೊಮ್ಮೆ ಹೆಸರು ಕೂಗಿದ. ಈ ಸಲ ಕೂಗು ಸಣ್ಣದು, ಸ್ವಲ್ಪ ಒಡೆದಿತ್ತು ಕೂಡ.

ಕಿಂಡಿಯಲ್ಲಿ ಅವಳ ಮುಖ ಕಾಣಿಸಿತು, ಕಣ್ಣು ತುಂಬ ನೀರು, ತುಟಿಯಲ್ಲಿ ತುಂಟತನ. "ಅಪ್ಪಾ, ಇದು ಬರೆಯೋಕೆ ಹೇಳ್ತಿರೋದಾ, ಇಲ್ಲ ಕರೀತಿರೋದಾ?"

"ಕರೀತಿರೋದು ಕಣೇ," ಎಂದ ಅಪ್ಪ. "ಎಷ್ಟು ಸಲ ಕರೀಬೇಕು? ಬಾ ಇಲ್ಲಿ."